ಯೆರವಡಾದ ಅರಮನೆಯ ಒಡೆಯ: ಮೂರನೆಯ ಆಗಾ ಖಾನ್

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಊರಿನಿಂದ ನೆಂಟರಿಷ್ಟರು ಬಂದರೆ, ಶನಿವಾರವಾಡೆ, ದಗಡೂಶೇಟ್ ಗಣಪತಿ, ಸಿಂಹಗಡಗಳ ದರ್ಶನವಾದ ಮೇಲೆ ಒಂದು ಮಧ್ಯಾಹ್ನ ಬಂಡ್ ಗಾರ್ಡನ್ ಸೇತುವೆ ದಾಟಿ, ನಗರ ರಸ್ತೆಯಲ್ಲಿರುವ ಆಗಾ ಖಾನ್ ಅರಮನೆಗೆ ಕರೆದೊಯ್ಯುವುದು ವಾಡಿಕೆ. ಗಾಂಧೀಜಿಯವರು ಬಂಧನದಲ್ಲಿದ್ದ ಕೋಣೆಗೆ ಇಣುಕಿ ನೋಡಿ, ಹಿತ್ತಲಿನಲ್ಲಿರುವ ಕಸ್ತೂರಬಾ ಮತ್ತು ಮಹಾದೇವ ದೇಸಾಯಿಯವರ ಸಮಾಧಿಗಳಿಗೆ ಕೈಮುಗಿದು ಹಿಂದಿರುಗುತ್ತೇವೆ. ಒಮ್ಮೆ ಹೀಗೆಯೇ ಧಾರವಾಡದಿಂದ ಬಂದಿದ್ದ ನನ್ನ ಸೋದರತ್ತೆಯವರು ಹುಲ್ಲುಹಾಸಿನ ಅಂಚಿನ ಕಟ್ಟೆಯ ಮೇಲೆ ಕುಳಿತು ಸುಧಾರಿಸಿಕೊಳ್ಳುತ್ತಾ, ಇಷ್ಟು ದೊಡ್ಡ ಮನೆ ಕಟ್ಟಿಸಿದ ಈ ಖಾನ ಯಾರು, ಯಾವ ಊರಿನ ನವಾಬ, ಈಗ ಎಲ್ಲಿದ್ದಾನೆ ಎಂದು ಕೇಳಿದರು. ಯೆರವಡಾ ಭಾಗದ ಬ್ಯಾಂಕ್ ಶಾಖೆಯೊಂದರಲ್ಲಿ ಹಲವು ವರ್ಷ ದುಡಿದ ನಾನು, ಅದೂ ಇತಿಹಾಸವನ್ನೇ ಐಚ್ಛಿಕವಾಗಿ ಓದಿ ಬಿ.ಎ. ಮಾಡಿದವನು, ಅತ್ತೆಯ ಪ್ರಶ್ನೆಗೆ ತಡವರಿಸಿದೆ. ಆ ನಾಚಿಕೆಯಿಂದಲೇ ಹುಟ್ಟಿದ ಓದಿನ ಫಲ ಈ ಲೇಖನ.

ಮೊದಲಿಗೆ ಅತ್ತೆಯ ಪ್ರಶ್ನೆಗೆ ನೇರ ಉತ್ತರ: ಅವರು ಯಾವ ಊರಿನ ನವಾಬರೂ ಅಲ್ಲ. ಒಂದು ಅಂಗುಲ ರಾಜ್ಯವಿಲ್ಲದೆಯೂ ಬ್ರಿಟಿಷ್ ಸರ್ಕಾರದಿಂದ ತೋಪಿನ ಗೌರವ ಪಡೆದಿದ್ದ ಸರ್ ಸುಲ್ತಾನ್ ಮಹಮ್ಮದ್ ಷಾ, ಶಿಯಾ ಮುಸಲ್ಮಾನರಲ್ಲಿ ನಿಜಾರಿ ಇಸ್ಮಾಯಿಲಿ ಪಂಗಡದ ನಲವತ್ತೆಂಟನೆಯ ಇಮಾಮರು, ಅಂದರೆ ಧರ್ಮಗುರುಗಳು. ಆಗಾ ಖಾನ್ ಎಂಬುದು ಅವರ ತಾತ ಹಸನ್ ಅಲಿ ಷಾ ಅವರಿಗೆ ಇರಾನಿನ ದೊರೆಯಿಂದ ಬಂದ ಬಿರುದು. ಆ ತಾತ ಇರಾನಿನ ರಾಜಕಾರಣದಲ್ಲಿ ಸೋತು, 1842ರ ವೇಳೆಗೆ ಸಿಂಧ್ ಪ್ರಾಂತಕ್ಕೆ ಬಂದು, ಕೊನೆಗೆ ಮುಂಬಯಿಯಲ್ಲಿ ನೆಲೆಸಿದರು. ಕಛ್, ಕಾಠೇವಾಡ, ಸಿಂಧ್‌ಗಳಲ್ಲಿ ಹರಡಿಕೊಂಡಿದ್ದ ಖೋಜಾ ವರ್ತಕರು ಅವರ ಅನುಯಾಯಿಗಳು. ಅಂತಹ ಮನೆತನದಲ್ಲಿ 1877ರ ನವೆಂಬರ್ 2ರಂದು ಕರಾಚಿಯಲ್ಲಿ ನಮ್ಮ ಕಥಾನಾಯಕರ ಜನನವಾಯಿತು. ತಂದೆ ಆಗಾ ಅಲಿ ಷಾ ಬೇಟೆಯ ಹುಚ್ಚಿನವರು. ಪುಣೆಯ ಬಳಿ ನೀರುಹಕ್ಕಿಗಳ ಬೇಟೆಗೆ ಹೋಗಿ ಮಳೆಯಲ್ಲಿ ನೆನೆದು, ನ್ಯುಮೋನಿಯಾ ತಗುಲಿ 1885ರ ಆಗಸ್ಟ್‌ನಲ್ಲಿ ಇಲ್ಲಿಯೇ ತೀರಿಕೊಂಡರು. ಹೀಗಾಗಿ ಎಂಟು ವರ್ಷವೂ ತುಂಬದ ಬಾಲಕನೊಬ್ಬ ಲಕ್ಷಾಂತರ ಜನರ ಗುರುಪೀಠವನ್ನೇರಬೇಕಾಯಿತು.

ಈ ಪೀಠ ಅವರು ಬಯಸಿ ಪಡೆದದ್ದಲ್ಲ. ಆದರೆ ಅದರ ಮೇಲೆ ಕುಳಿತು ಏನು ಸಾಧಿಸಬೇಕು ಎಂಬುದನ್ನು ಅವರೇ ನಿಶ್ಚಯಿಸಿಕೊಂಡರು ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ. ಅಡಿಪಾಯ ಹಾಕಿದವರು ತಾಯಿ. ಇರಾನಿನ ರಾಜವಂಶದ ನವಾಬ್ ಆಲಿಯಾ ಶಂಸುಲ್ ಮುಲೂಕ್ ಎಂಬ ಆ ವಿಧವೆ ಮಗನ ಓದು, ಮನೆತನದ ಆಸ್ತಿ, ಪಂಗಡದ ಕಾರುಬಾರು ಮೂರನ್ನೂ ತಾವೇ ನೋಡಿಕೊಂಡರು. ರೂಮಿ, ಹಾಫಿಜರ ಪಾರಸಿ ಕಾವ್ಯದಲ್ಲಿ ಮುಳುಗಿದ್ದವರಾದರೂ ಲೆಕ್ಕಪತ್ರದಲ್ಲಿ ಬಿಗಿಯವರು. ಬಾಲಕನಿಗೆ ಶಾಲೆಯಿಲ್ಲ, ಮುಂಬಯಿ, ಪುಣೆಯ ಮನೆಗಳಲ್ಲಿಯೇ ಅರಬ್ಬಿ, ಪಾರಸಿ, ಇಂಗ್ಲಿಷ್, ಫ್ರೆಂಚ್ ಪಾಠ. ಹುಡುಗನಿಗೆ ಹುಟ್ಟಿನಿಂದಲೂ ದೃಷ್ಟಿಮಾಂದ್ಯ. ಅದು ಮನೆಯವರ ಗಮನಕ್ಕೆ ಬಾರದೆ ಹೋಗಿ, ಆಂಗ್ಲ ಉಪಾಧ್ಯಾಯರೊಬ್ಬರು ಕನ್ನಡಕ ಹಾಕಿಸಿದ ಮೇಲೆಯೇ ಪುಸ್ತಕದ ಲೋಕ ಅವರಿಗೆ ಸ್ಪಷ್ಟವಾಗಿ ಕಂಡಿತಂತೆ. ಜೀವನಪರ್ಯಂತ ಅವರು ವಿದ್ಯೆಯ ವಿಷಯವನ್ನು ಅಷ್ಟೊಂದು ಆವೇಶದಿಂದ ಮಾತನಾಡಿದ್ದಕ್ಕೆ ಈ ಬಾಲ್ಯವೂ ಕಾರಣವಿದ್ದೀತು.

ಯೆರವಡಾದ ಅರಮನೆ 1892ರದು. ಸುತ್ತಮುತ್ತ ಬರಗಾಲದಿಂದ ತತ್ತರಿಸಿದ್ದ ಹಳ್ಳಿಗರಿಗೆ ದಾನ ಹಂಚುವ ಬದಲು ಕೂಲಿ ಕೊಡಬೇಕೆಂಬ ಉದ್ದೇಶದಿಂದ ಕಟ್ಟಡದ ಕಾಮಗಾರಿ ಕೈಗೊಳ್ಳಲಾಯಿತು. ಸುಮಾರು ಸಾವಿರ ಮಂದಿಗೆ ಕೆಲಸ, ಐದು ವರ್ಷದ ದುಡಿಮೆ, ಹನ್ನೆರಡು ಲಕ್ಷ ರೂಪಾಯಿ ವೆಚ್ಚ, ಹತ್ತೊಂಬತ್ತು ಎಕರೆ ಆವರಣ: ಇದು ಅಲ್ಲಿಗೆ ಹೋದವರಿಗೆಲ್ಲ ಹೇಳುವ ಲೆಕ್ಕ. ಆಗ ಆಗಾ ಖಾನರಿಗೆ ಹದಿನೈದರ ಹರೆಯವಾದ್ದರಿಂದ ಈ ನಿರ್ಧಾರದಲ್ಲಿ ತಾಯಿಯ ಕೈವಾಡವೂ ಇದ್ದಿರಲೇಬೇಕು. ಬರಗಾಲಕ್ಕೆ ಅರಮನೆಯೇ ಏಕೆ, ಕೆರೆ ಕಟ್ಟಿಸಬಹುದಿತ್ತಲ್ಲ ಎಂದು ನನ್ನಂತಹ ಬಯಲುಸೀಮೆಯವನಿಗೆ ಅನ್ನಿಸದಿರದು. ಆದರೂ ದುಡಿದು ಉಣ್ಣುವವನ ಮಾನವನ್ನು ಕಾಯಬೇಕೆಂಬ ಭಾವನೆ ಅದರ ಹಿಂದಿತ್ತೆಂಬುದನ್ನು ಒಪ್ಪಬೇಕು. ಮುಂದೆ ಅವರು ಕೈಗೊಂಡ ಕಾರ್ಯಗಳಲ್ಲಿಯೂ ಇದೇ ಎಳೆ ಕಾಣಿಸುತ್ತದೆ.

ಅವರ ನಂಬಿಕೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಸ್ಲಾಮಿನಲ್ಲಿ ದೀನ್ ಎಂದರೆ ಧರ್ಮ, ದುನಿಯಾ ಎಂದರೆ ಲೋಕವ್ಯವಹಾರ. ಇವೆರಡನ್ನೂ ಬೇರೆಬೇರೆ ಕೋಣೆಗಳಲ್ಲಿ ಇಟ್ಟು ಬೀಗ ಹಾಕಲಾಗದು ಎಂಬುದು ಅವರ ದೃಢವಾದ ತಿಳಿವಳಿಕೆ. ದಿನದ ಪ್ರಾರ್ಥನೆಯಲ್ಲಿ ದೇವರ ಎದುರು ನಿಂತವನು ಹೊರಗೆ ಬಂದು ದೇಹವನ್ನು, ಬುದ್ಧಿಯನ್ನು, ಸಂಸಾರವನ್ನು ಕಡೆಗಣಿಸಿದರೆ ಆ ಪ್ರಾರ್ಥನೆ ಅಪೂರ್ಣ ಎಂದು ಅವರು ಬಗೆದಿದ್ದರು. ಆರೋಗ್ಯ, ವಿದ್ಯೆ, ಸ್ವಂತ ದುಡಿಮೆ ಇವು ಕೇವಲ ಲೌಕಿಕ ಆಸೆಗಳಲ್ಲ, ಭಗವಂತ ಕೊಟ್ಟದ್ದಕ್ಕೆ ಸಲ್ಲಿಸುವ ಲೆಕ್ಕ. 1954ರಲ್ಲಿ ಪ್ರಕಟವಾದ ಆತ್ಮಕಥೆಯ ನಡುವೆ ತಮ್ಮ ಇಸ್ಲಾಂ ಪರಿಕಲ್ಪನೆಗೂ ಇಮಾಮತ್ವಕ್ಕೂ ಒಂದು ಅಧ್ಯಾಯವನ್ನೇ ಅವರು ಮೀಸಲಿಟ್ಟಿದ್ದಾರೆ. ಅನುಯಾಯಿಗಳಿಗೆ ಅವರು ಕಳುಹಿಸುತ್ತಿದ್ದ ಫರ್ಮಾನುಗಳಲ್ಲಿಯೂ ಪರಲೋಕದ ಮಾತಿನ ಜೊತೆಗೇ ಮಕ್ಕಳ ಶಾಲೆ, ಶುಚಿತ್ವ, ಉಳಿತಾಯಗಳ ಮಾತು ಬರುತ್ತಿತ್ತು.

ಈ ನಂಬಿಕೆಯ ಮೊದಲ ಕಠಿಣ ಪರೀಕ್ಷೆ 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ನಡೆಯಿತು. ಪುಣೆಯವರಿಗೆ ಆ ಕಾಲದ ಕಥೆ ಹೊಸದಲ್ಲ. 1897ರ ಮಾರ್ಚ್‌ನಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆಯವರು ಪ್ರಾಣ ತೆತ್ತರು. ಮನೆಮನೆಗೆ ಸೈನಿಕರನ್ನು ನುಗ್ಗಿಸಿದ ರ‍್ಯಾಂಡ್ ಸಾಹೇಬನನ್ನು ಅದೇ ಜೂನ್‌ನಲ್ಲಿ ಚಾಫೇಕರ್ ಸಹೋದರರು ಗುಂಡಿಟ್ಟರು. ಬಲಾತ್ಕಾರದಿಂದ ಜನ ರೊಚ್ಚಿಗೆದ್ದಿದ್ದ ಆ ದಿನಗಳಲ್ಲಿ ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ಕಂಡುಹಿಡಿದು, ಮೊದಲು ತನಗೇ ಚುಚ್ಚಿಕೊಂಡಿದ್ದನು. ಲಸಿಕೆಯೆಂದರೆ ಜಾತಿ ಕೆಡಿಸುವ ಉಪಾಯ, ವಿಷ ಎಂಬ ವದಂತಿಗಳು ಎಲ್ಲೆಡೆ. ಇನ್ನೂ ತರುಣರಾಗಿದ್ದ ಆಗಾ ಖಾನರು ತಮ್ಮ ಬಂಗಲೆಯಾದ ಖುಸ್ರು ಲಾಡ್ಜನ್ನು ಹಾಫ್ಕಿನ್ ಅವರ ಪ್ರಯೋಗಶಾಲೆಗೆ ಬಿಟ್ಟುಕೊಟ್ಟರು. ಅನಂತರ ಅನುಯಾಯಿಗಳ ಸಮ್ಮುಖದಲ್ಲಿ ತೋಳು ಚಾಚಿ ತಾವೇ ಲಸಿಕೆ ಹಾಕಿಸಿಕೊಂಡರು, ಅದೂ ಒಂದು ಸಲವಲ್ಲ, ಹಲವು ಸಲ. ಆಜ್ಞೆಯ ಫರ್ಮಾನು ಹೊರಡಿಸಿದ್ದರೆ ಸಾಕಿತ್ತು, ಗುರುವಿನ ಮಾತನ್ನು ಮೀರುವವರು ಯಾರು? ಆದರೆ ಭಯವನ್ನು ಆಜ್ಞೆಯಿಂದ ಹೋಗಲಾಡಿಸಲಾಗದೆಂದು ಆ ತರುಣನಿಗೆ ಹೊಳೆದಿತ್ತು. ಸಾವಿರಾರು ಖೋಜಾ ಕುಟುಂಬಗಳು ಮುಂದೆ ಬಂದವು. ಆ ಸಮುದಾಯದಲ್ಲಿ ಸಾವು ಗಮನಾರ್ಹವಾಗಿ ಕಡಿಮೆಯಾಯಿತು. ಕೊರೋನಾ ಕಾಲದ ಲಸಿಕೆಯ ಅಂಜಿಕೆ, ಗುಸುಗುಸುಗಳನ್ನು ಕಣ್ಣಾರೆ ಕಂಡ ನಮಗೆ ಈ ಪ್ರಸಂಗದ ಬೆಲೆ ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಗುರಿ ವಿದ್ಯೆ. 1896ರಲ್ಲಿ ಉತ್ತರ ಭಾರತದ ಪ್ರವಾಸ ಕೈಗೊಂಡಾಗ ಅಲಿಗಢದಲ್ಲಿ ವೃದ್ಧ ಸರ್ ಸೈಯದ್ ಅಹಮದ್ ಖಾನರನ್ನು ಕಂಡರು. ಶಿಯಾ ಸುನ್ನಿ ಭೇದವನ್ನು ಬದಿಗಿಟ್ಟು, ಆ ಕಾಲೇಜನ್ನು ವಿಶ್ವವಿದ್ಯಾನಿಲಯವಾಗಿಸುವ ಕಾರ್ಯಕ್ಕೆ ಮನಸ್ಸು ಕೊಟ್ಟರು. 1902ರಲ್ಲಿ ದಿಲ್ಲಿಯ ಮುಸ್ಲಿಂ ಶಿಕ್ಷಣ ಸಮ್ಮೇಳನದ ಅಧ್ಯಕ್ಷಪೀಠದಿಂದ ಆ ಬೇಡಿಕೆಯನ್ನು ಮಂಡಿಸಿದರು. 1911ರ ಹೊತ್ತಿಗೆ ತಮ್ಮ ಕೈಯಿಂದ ಒಂದು ಲಕ್ಷ ರೂಪಾಯಿ ಹಾಕಿ, ಶೌಕತ್ ಅಲಿಯವರನ್ನು ಜೊತೆಗಿಟ್ಟುಕೊಂಡು ಊರೂರು ತಿರುಗಿ ಚಂದಾ ಎತ್ತಿದರು. ಲಕ್ಷಾಧೀಶರ ದಿವಾನಖಾನೆಯಿಂದ ಹಿಡಿದು ಬೀದಿಯ ಅಂಗಡಿಯವನ ಗಲ್ಲಾದವರೆಗೆ ಭಿಕ್ಷುಕನಂತೆ ಕೈ ಚಾಚಿದ್ದನ್ನು ಅವರು ಮುಂದೆ ಹೆಮ್ಮೆಯಿಂದಲೇ ನೆನೆಯುತ್ತಿದ್ದರು. ಕೂಡಿದ ಹಣ ಇಪ್ಪತ್ತು ಲಕ್ಷದ ಗುರಿಯನ್ನು ದಾಟಿತು. ಆದರೂ ಸರ್ಕಾರದೊಡನೆ ಹಗ್ಗಜಗ್ಗಾಟ ನಡೆದು, 1920ರಲ್ಲಿ ಮಾತ್ರ ವಿಶ್ವವಿದ್ಯಾನಿಲಯ ಸಿದ್ಧಿಸಿತು. ಅಂದರೆ ದಿಲ್ಲಿಯ ಭಾಷಣದಿಂದ ಲೆಕ್ಕ ಹಾಕಿದರೆ ಹದಿನೆಂಟು ವರ್ಷ. ಅದರ ಮೊದಲ ಕುಲಾಧಿಪತಿಯಾದವರು ಒಬ್ಬ ಹೆಣ್ಣುಮಗಳು, ಭೋಪಾಲದ ಬೇಗಂ ಸುಲ್ತಾನ್ ಜಹಾನ್.

ಹೆಣ್ಣುಮಕ್ಕಳ ವಿಷಯದಲ್ಲಿ ಅವರ ಮಾತು ಇನ್ನೂ ಖಚಿತ. ಒಬ್ಬ ಮಗ, ಒಬ್ಬ ಮಗಳಿರುವ ಬಡ ತಂದೆಗೆ ಒಬ್ಬರನ್ನು ಮಾತ್ರ ಓದಿಸುವ ಶಕ್ತಿಯಿದ್ದರೆ ಮಗಳನ್ನೇ ಓದಿಸಬೇಕು ಎಂದು ಅವರು ಉಪದೇಶಿಸುತ್ತಿದ್ದರು. 1905ರಲ್ಲಿಯೇ ಕಛ್‌ನ ಮುಂದ್ರಾ, ಮಕ್ರಾನ್ ಕರಾವಳಿಯ ಗ್ವಾದರ್, ಆಫ್ರಿಕದ ಜಾಂಜಿಬಾರ್‌ಗಳಲ್ಲಿ ಶಾಲೆಗಳು ಆರಂಭವಾದವು. ಅದೇ ವರ್ಷ ಪೂರ್ವ ಆಫ್ರಿಕದ ಇಸ್ಮಾಯಿಲಿಗಳಿಗೆ ಲಿಖಿತ ನಿಯಮಾವಳಿಯೊಂದನ್ನು ಕೊಟ್ಟರು. ಪರದೆಯನ್ನು ತೊರೆಯಲು, ಬಾಲ್ಯವಿವಾಹವನ್ನು ಬಿಡಲು ಸಮುದಾಯವನ್ನು ಒಲಿಸಿದರು. ಇವೆಲ್ಲವನ್ನೂ ಪಾಶ್ಚಾತ್ಯರ ಅನುಕರಣೆಯೆಂದಲ್ಲ, ಪ್ರವಾದಿಯ ಮೂಲ ಆಶಯವೆಂದೇ ಅವರು ಪ್ರತಿಪಾದಿಸಿದ್ದು ಗಮನಾರ್ಹ.

ಪುಣೆಯ ಗೋಪಾಲಕೃಷ್ಣ ಗೋಖಲೆಯವರಿಗೂ ಅವರಿಗೂ ಇದ್ದ ಸ್ನೇಹವನ್ನು ಇಲ್ಲಿ ನೆನೆಯಬೇಕು. 1902ರಿಂದ ಎರಡು ವರ್ಷ ವೈಸ್‌ರಾಯರ ಶಾಸನಸಭೆಯಲ್ಲಿ ಇಬ್ಬರೂ ಜೊತೆಗಿದ್ದರು. ಪ್ರಾಥಮಿಕ ಶಿಕ್ಷಣ ಎಲ್ಲರಿಗೂ ದೊರೆಯಬೇಕೆಂಬುದು ಇಬ್ಬರ ಹಂಬಲ. 1915ರ ಫೆಬ್ರವರಿಯಲ್ಲಿ ತೀರಿಕೊಳ್ಳುವ ಮುನ್ನ ಗೋಖಲೆಯವರು ಭಾರತದ ಆಡಳಿತ ಸುಧಾರಣೆಯ ಬಗ್ಗೆ ಬರೆದಿಟ್ಟ ಕೊನೆಯ ಯೋಜನೆಯ ಪ್ರತಿ ಆಗಾ ಖಾನರ ಕೈಸೇರಿತ್ತು. 1917ರಲ್ಲಿ ಅದನ್ನು ಬೆಳಕಿಗೆ ತಂದವರು ಇವರೇ.

ಇನ್ನು ಅವರ ಬದುಕಿನ ವಿವಾದಾಸ್ಪದ ಅಧ್ಯಾಯ. 1906ರ ಅಕ್ಟೋಬರ್ 1ರಂದು ಸಿಮ್ಲಾದಲ್ಲಿ ವೈಸ್‌ರಾಯ್ ಮಿಂಟೋ ಅವರ ಬಳಿಗೆ ಮುಸ್ಲಿಂ ಮುಖಂಡರ ನಿಯೋಗವನ್ನು ಕರೆದೊಯ್ದು, ಮುಸಲ್ಮಾನರು ತಮ್ಮ ಪ್ರತಿನಿಧಿಗಳನ್ನು ತಾವೇ ಬೇರೆಯಾಗಿ ಆರಿಸುವ ಪ್ರತ್ಯೇಕ ಮತಕ್ಷೇತ್ರಗಳನ್ನು ಕೇಳಿದವರು ಆಗಾ ಖಾನ್. ಅದೇ ವರ್ಷದ ಕೊನೆಗೆ ಢಾಕಾದಲ್ಲಿ ಮುಸ್ಲಿಂ ಲೀಗ್ ಹುಟ್ಟಿ, 1913ರವರೆಗೆ ಅದರ ಅಧ್ಯಕ್ಷರಾಗಿದ್ದವರೂ ಅವರೇ. 1909ರ ಮಿಂಟೋ ಮಾರ್ಲೆ ಸುಧಾರಣೆಯಲ್ಲಿ ಬೇಡಿಕೆ ಈಡೇರಿತು. ಆಗ ಈ ಬೇಡಿಕೆಯನ್ನು ಪ್ರಬಲವಾಗಿ ವಿರೋಧಿಸಿದವರು ಮಹಮ್ಮದ್ ಅಲಿ ಜಿನ್ನಾ ಎಂಬುದನ್ನು ಓದಿದಾಗ ಇತಿಹಾಸದ ಕುಚೇಷ್ಟೆಗೆ ನಗಬೇಕೋ ಅಳಬೇಕೋ ತಿಳಿಯದು. ತಮ್ಮ ಜನ ಹಿಂದುಳಿದಿದ್ದಾರೆ, ಅವರ ದನಿ ಅಡಗಿಹೋಗಬಾರದು ಎಂಬುದಷ್ಟೇ ಆಗಾ ಖಾನರ ಉದ್ದೇಶವಾಗಿತ್ತೆಂದು ನಾನು ನಂಬುತ್ತೇನೆ. 1918ರ ತಮ್ಮ ಗ್ರಂಥದಲ್ಲಿ ಅವರು ಕನಸಿದ್ದು ಒಡೆದ ಭಾರತವನ್ನಲ್ಲ, ದಕ್ಷಿಣ ಏಷ್ಯದ ವಿಶಾಲ ಒಕ್ಕೂಟವನ್ನು. ಆದರೆ ಮತದ ಪೆಟ್ಟಿಗೆಯನ್ನು ಧರ್ಮಕ್ಕೊಂದರಂತೆ ಇಟ್ಟ ಮೇಲೆ ಮನಸ್ಸುಗಳು ಒಂದಾಗುವುದು ಹೇಗೆ? ಶಾಲೆಯ ವಿಷಯದಲ್ಲಿ ಅಷ್ಟು ದೂರ ಕಂಡ ಕಣ್ಣಿಗೆ ಇದು ಕಾಣಲಿಲ್ಲ. ಅದೇ ದುಂಡುಮೇಜಿನ ಪರಿಷತ್ತಿಗೆ ಮೈಸೂರಿನಿಂದ ಹೋಗಿದ್ದ ನಮ್ಮ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೂ ಇರಾನ್ ಮೂಲದವರು. ಅವರ ತಾತ ಅಲಿ ಅಸ್ಕರ್ ಶಿರಾಜಿನಿಂದ ಬೆಂಗಳೂರಿಗೆ ಕುದುರೆ ಮಾರಲು ಬಂದವರು. ಅಷ್ಟೇ ಶ್ರದ್ಧಾವಂತ ಮುಸಲ್ಮಾನರಾದ ಮಿರ್ಜಾ ಅವರು ಹಿಂದೂ ಮಹಾರಾಜರ ದಿವಾನರಾಗಿ ಎಲ್ಲರಿಗೂ ಒಂದೇ ಆಡಳಿತ ನೀಡಿದರು, ದೇಶವಿಭಜನೆಯನ್ನು ಒಪ್ಪಲಿಲ್ಲ. ಒಂದೇ ನಂಬಿಕೆಯಿಂದ ಹೊರಟವರು ರಾಜಕೀಯದಲ್ಲಿ ಒಂದೇ ಗುರಿಯನ್ನು ಮುಟ್ಟಬೇಕೆಂದೇನೂ ಇಲ್ಲ.

1931ರಲ್ಲಿ ಲಂಡನ್ನಿನ ರಿಟ್ಜ್ ಹೋಟೆಲಿನ ಆಗಾ ಖಾನರ ಕೋಣೆಯಲ್ಲಿ ಗಾಂಧೀಜಿಯವರೊಡನೆ ಹಲವು ರಾತ್ರಿ ಮಾತುಕತೆ ನಡೆಯಿತು. ಫಲ ಸಿಗಲಿಲ್ಲ. ಮರುವರ್ಷ ಬ್ರಿಟಿಷ್ ಪ್ರಧಾನಿಯ ತೀರ್ಪು ಪ್ರತ್ಯೇಕ ಮತಕ್ಷೇತ್ರವನ್ನು ದಲಿತರಿಗೂ ವಿಸ್ತರಿಸಿದಾಗ ಗಾಂಧೀಜಿ ಉಪವಾಸ ಕುಳಿತದ್ದು ನಮ್ಮ ಯೆರವಡಾ ಜೈಲಿನಲ್ಲಿ; 1932ರ ಸೆಪ್ಟೆಂಬರ್ 24ರಂದು ಅಂಬೇಡ್ಕರರೊಡನೆ ಪುಣೆ ಒಪ್ಪಂದವಾದದ್ದೂ ಆಗಲೇ. ಹತ್ತು ವರ್ಷದ ಬಳಿಕ, 1942ರ ಆಗಸ್ಟ್‌ನಲ್ಲಿ, ಆ ಜೈಲಿನಿಂದ ಕೆಲವೇ ಕಿಲೋಮೀಟರ್ ದೂರದ ಆಗಾ ಖಾನರ ಮನೆಯೇ ಗಾಂಧೀಜಿಯವರಿಗೆ ಸೆರೆಮನೆಯಾಯಿತು. ಬಂದ ಒಂದು ವಾರದೊಳಗೆ, ಆಗಸ್ಟ್ 15ರಂದು, ಮಹಾದೇವ ದೇಸಾಯಿ ಹೃದಯಾಘಾತದಿಂದ ತೀರಿಕೊಂಡರು. 1944ರ ಫೆಬ್ರವರಿ 22ರಂದು ಕಸ್ತೂರಬಾ. ಬಡವರ ಹಣದಲ್ಲಿ ಇಂತಹ ಭವ್ಯ ಸೆರೆಮನೆ ತಮಗೆ ಬೇಡ, ಸಾಮಾನ್ಯ ಜೈಲಿಗೆ ಕಳುಹಿಸಿ ಎಂದು ಗಾಂಧೀಜಿ ಸರ್ಕಾರಕ್ಕೆ ಬರೆದರು. 1944ರ ಮೇ 6ರಂದು ಅವರ ಬಿಡುಗಡೆಯಾಯಿತು. ಆ ದಿನಗಳಲ್ಲಿ ಮನೆಯ ಒಡೆಯರು ಸ್ವಿಟ್ಜರ್ಲೆಂಡಿನಲ್ಲಿ, ಯುದ್ಧದ ಕಾರಣ ಅಲ್ಲಿಯೇ ಸಿಲುಕಿ, ಅನಾರೋಗ್ಯದಿಂದ ಬಳಲುತ್ತಿದ್ದರು. ಬರಗಾಲದ ಕೂಲಿಗಳಿಗೆಂದು ಎದ್ದ ಗೋಡೆಗಳ ನಡುವೆ ಹೀಗೆ ಎರಡು ಚಿತೆಗಳು ಉರಿದವು.

ಅವರ ವೈಭವದ ಬಗ್ಗೆಯೂ ಹೇಳದೆ ಇರಲಾಗದು. 1930, 1935, 1936, 1948, 1952, ಈ ಐದು ವರ್ಷಗಳಲ್ಲಿ ಇಂಗ್ಲೆಂಡಿನ ಡರ್ಬಿ ಜೂಜಿನಲ್ಲಿ ಅವರ ಕುದುರೆಗಳು ಗೆದ್ದವು. ನಾಲ್ಕು ಮದುವೆ, ಫ್ರಾನ್ಸಿನ ಕಡಲತೀರದ ಬಂಗಲೆ, ದೊರೆಗಳ ಸಹವಾಸ. ಅನುಯಾಯಿಗಳು ಆದಾಯದ ಪಾಲನ್ನು ಗುರುವಿಗೆ ಅರ್ಪಿಸುತ್ತಿದ್ದಾಗ ಈ ಐಷಾರಾಮ ಹೇಗೆ ಹೊಂದುತ್ತದೆ ಎಂಬ ಪ್ರಶ್ನೆ ಅಂದಿನವರಿಗೂ ಇತ್ತು, ನನಗೂ ಪೂರ್ಣವಾಗಿ ಬಗೆಹರಿದಿಲ್ಲ. ಆದರೆ ತುಲಾಭಾರದ ಕಥೆಯನ್ನು ಪೂರ್ತಿ ಕೇಳಬೇಕು. ಉಡುಪಿ, ಧರ್ಮಸ್ಥಳಗಳಲ್ಲಿ ತುಲಾಭಾರ ಕಂಡ ನಮಗೆ ಕಲ್ಪನೆ ಕಷ್ಟವಲ್ಲ. ಗುರುಪೀಠದ ಐವತ್ತು ವರ್ಷಕ್ಕೆ 1936ರಲ್ಲಿ ಮುಂಬಯಿಯಲ್ಲಿಯೂ 1937ರಲ್ಲಿ ನೈರೋಬಿಯಲ್ಲಿಯೂ ಅವರನ್ನು ಚಿನ್ನದಲ್ಲಿ ತೂಗಿದರು. ಅರವತ್ತಕ್ಕೆ, 1946ರ ಮಾರ್ಚ್ 10ರಂದು, ಮುಂಬಯಿಯ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ವಜ್ರದಲ್ಲಿ. ಪತ್ರಿಕೆಗಳು ತಕ್ಕಡಿಯ ಚಿತ್ರ ಅಚ್ಚುಹಾಕಿ ಸುಮ್ಮನಾದವು. ವಜ್ರಗಳು ಎರವಲು ತಂದವು. ಅದಕ್ಕೆ ಸಮನಾಗಿ ಅನುಯಾಯಿಗಳು ಕೂಡಿಸಿದ ಹಣವನ್ನು ಗುರುಗಳು ಸಮುದಾಯಕ್ಕೇ ಹಿಂದಿರುಗಿಸಿದರು. ಆ ಮೂಲಧನದಿಂದ ಶಾಲೆ, ಆಸ್ಪತ್ರೆಗಳಲ್ಲದೆ ಮೊಂಬಾಸಾದಲ್ಲಿ ಜುಬಿಲಿ ವಿಮಾ ಕಂಪನಿ, ಪೂರ್ವ ಆಫ್ರಿಕದಲ್ಲಿ ಮನೆ ಕಟ್ಟಲು, ಅಂಗಡಿ ಹೂಡಲು ಸಾಲ ಕೊಡುವ ಡೈಮಂಡ್ ಜುಬಿಲಿ ಇನ್ವೆಸ್ಟ್‌ಮೆಂಟ್ ಟ್ರಸ್ಟ್ ಹುಟ್ಟಿದವು. ಬ್ಯಾಂಕಿನ ಮೇಜಿನ ಹಿಂದೆ ಸಾಲದ ಕಡತಗಳನ್ನು ಪರಿಶೀಲಿಸುತ್ತಾ ತಲೆ ನರೆಸಿಕೊಂಡ ನನಗೆ ಅವರ ಜೀವನದಲ್ಲಿ ಅತ್ಯಂತ ಹಿಡಿಸಿದ್ದು ಇದೇ ಭಾಗ. ಭಕ್ತಿಯಿಂದ ಬಂದ ಹಣ ಹುಂಡಿಯಲ್ಲಿ ಕೊಳೆಯದೆ, ಒಬ್ಬ ಬಾಡಿಗೆದಾರನ ಸ್ವಂತ ಮನೆಯಾಗಿ, ಕಂತು ತೀರಿದ ಮೇಲೆ ಇನ್ನೊಬ್ಬನಿಗೆ ಸಾಲವಾಗಿ ಹರಿಯುತ್ತಾ ಹೋಯಿತು. ಪ್ರತಿ ಕುಟುಂಬವೂ ಮಕ್ಕಳ ಓದು, ಸ್ವಂತ ಸೂರು, ಆಪತ್ಕಾಲದ ಉಳಿತಾಯ ಎಂದು ತನ್ನ ಗುರಿಯನ್ನು ತಾನೇ ಬರೆದಿಟ್ಟುಕೊಂಡು ಮುನ್ನಡೆಯುವಂತೆ ಮಾಡಿದ್ದು ಈ ವ್ಯವಸ್ಥೆ.

1937ರಲ್ಲಿ ಲೀಗ್ ಆಫ್ ನೇಷನ್ಸ್ ಎಂಬ ರಾಷ್ಟ್ರಸಂಘದ ಮಹಾಸಭೆಗೆ ಅವರು ಅಧ್ಯಕ್ಷರಾಗಿ ಆಯ್ಕೆಯಾದರು. ಆ ಸಂಸ್ಥೆ ಮಹಾಯುದ್ಧವನ್ನು ತಡೆಯಲಾರದೆ ಹೋದದ್ದು ಎಲ್ಲರಿಗೂ ತಿಳಿದದ್ದೇ. ಎಪ್ಪತ್ತು ವರ್ಷದ ಪ್ಲಾಟಿನಂ ಮಹೋತ್ಸವ 1954ರಲ್ಲಿ ಕರಾಚಿಯಲ್ಲಿ ನಡೆಯಿತು. 1957ರ ಜುಲೈ 11ರಂದು ಜಿನೀವಾ ಬಳಿಯ ವೆರ್ಸ್ವಾದಲ್ಲಿ ಅವರು ಕಣ್ಮುಚ್ಚಿದರು. ಉಯಿಲಿನಲ್ಲಿ ಹಿರಿಯ ಮಗ ಅಲಿ ಖಾನರನ್ನು ಬಿಟ್ಟು, ಅಣುಯುಗದಲ್ಲಿ ಬೆಳೆದ ತರುಣನೇ ಪೀಠಕ್ಕೆ ತಕ್ಕವನೆಂಬ ಕಾರಣ ನೀಡಿ, ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಇಪ್ಪತ್ತರ ಮೊಮ್ಮಗ ಕರೀಮರನ್ನು ಉತ್ತರಾಧಿಕಾರಿಯನ್ನಾಗಿ ಹೆಸರಿಸಿದ್ದರು. ಅದೇ ಕರೀಮ್ ಆಗಾ ಖಾನರು 1969ರಲ್ಲಿ, ಗಾಂಧೀ ಜನ್ಮಶತಾಬ್ದಿಯ ಸಂದರ್ಭದಲ್ಲಿ, ಯೆರವಡಾದ ಅರಮನೆಯನ್ನು ಗಾಂಧೀಜಿಯವರ ಸ್ಮಾರಕಕ್ಕಾಗಿ ದೇಶಕ್ಕೆ ಒಪ್ಪಿಸಿದರು.

ಅತ್ತೆಯವರ ಕೊನೆಯ ಪ್ರಶ್ನೆಗೆ ಉತ್ತರ ಉಳಿದಿದೆ. ಒಡೆಯರು ಈಗಿರುವುದು ಈಜಿಪ್ಟಿನ ಅಸ್ವಾನ್‌ನಲ್ಲಿ, ನೈಲ್ ನದಿಯ ಪಶ್ಚಿಮ ದಂಡೆಯ ಮರಳುಗುಡ್ಡದ ಮೇಲಿನ ಸಮಾಧಿಭವನದಲ್ಲಿ. ಕೀಲುನೋವಿನಿಂದ ನರಳುತ್ತಿದ್ದ ಅವರು ಚಳಿಗಾಲವನ್ನು ಅಲ್ಲಿ ಕಳೆಯುತ್ತಿದ್ದರಂತೆ. ಪತ್ನಿ ಉಮ್ ಹಬೀಬಾ ಅವರು ಸಮಾಧಿಯ ಮೇಲೆ ದಿನವೂ ಒಂದು ಕೆಂಪು ಗುಲಾಬಿ ಇರಿಸುವ ಏರ್ಪಾಡು ಮಾಡಿದ್ದರು. 2000ದಲ್ಲಿ ಅವರೂ ಪತಿಯ ಪಕ್ಕದಲ್ಲಿ ಮಲಗಿದರು. 2025ರ ಫೆಬ್ರವರಿ 4ರಂದು ಲಿಸ್ಬನ್ನಿನಲ್ಲಿ ನಿಧನರಾದ ಮೊಮ್ಮಗ ಕರೀಮರ ಪಾರ್ಥಿವ ಶರೀರವನ್ನೂ ಅಲ್ಲಿಗೇ, ದೋಣಿಯಲ್ಲಿ ನೈಲ್ ದಾಟಿಸಿ, ತಾತನ ಸನ್ನಿಧಿಗೆ ಒಯ್ಯಲಾಯಿತು.